ದೂರದೇಶದ ದೀರ್ಘ ಓಟ

ಬೆಂಗಳೂರಿನ ಪೂರ್ವಭಾಗದ ಮಾರತ್ತಹಳ್ಳಿಯು ಕೆಲವೇ ದಶಕಗಳ ಹಿಂದಿನವರೆಗೆ ಕೆರೆ, ಹೊಲ, ತೋಪುಗಳ ನಡುವಣ ಒಂದು ಗ್ರಾಮವಾಗಿತ್ತು. ಹೊರವರ್ತುಲ ರಸ್ತೆಯೂ ವರ್ತೂರಿನ ಕಡೆಗೆ ಸಾಗುವ ಹಳೆಯ ವಿಮಾನನಿಲ್ದಾಣದ ರಸ್ತೆಯೂ ಅಲ್ಲಿ ಕೂಡುವುದರಿಂದ ಇಂದು ಹಗಲೆಲ್ಲ ವಾಹನಗಳು ಆ ಸ್ಥಳದಲ್ಲಿ ತೆವಳುತ್ತವೆ. ನಡೆಯುವವನಿಗೇ ಎಡೆ ಸಾಲದು. ಆದರೆ ಕೋಳಿ ಕೂಗುವ ಹೊತ್ತಿಗೆ ಅದೇ ರಸ್ತೆಯ ಅಂಚಿನಲ್ಲಿಯೂ ದೊಡ್ಡನೆಕ್ಕುಂದಿ, ಕುಂದಲಹಳ್ಳಿ ಕೆರೆಗಳ ದಂಡೆಯ ಮೇಲೂ ಓಡುವವರನ್ನು ಕಾಣಬಹುದು. ಇವರಲ್ಲಿ ಹೆಚ್ಚಿನವರು ಸುತ್ತಲಿನ ಕಂಪ್ಯೂಟರ್ ಉದ್ಯಮಗಳಲ್ಲಿ ದಿನವಿಡೀ ಕುಳಿತು ದುಡಿಯುವ ಸ್ತ್ರೀಪುರುಷರು. ಇಂಥವರಲ್ಲಿ ಕೆಲವರು ವರ್ಷಕ್ಕೊಮ್ಮೆ ರಜೆ ಪಡೆದು, ಲಕ್ಷಗಟ್ಟಲೆ ಹಣ ವೆಚ್ಚಮಾಡಿ, ಬರ್ಲಿನ್ನಿಗೋ ಲಂಡನ್ನಿಗೋ ಬಾಸ್ಟನ್ನಿಗೋ ಹೋಗಿ, ೪೨ ಕಿಲೋಮೀಟರಿಗೂ ಮಿಕ್ಕಿದ ಮ್ಯಾರಥಾನ್ ಓಟವನ್ನು ಓಡಿ ಮರಳುತ್ತಾರೆ. ಮಾರತ್ತಹಳ್ಳಿಗೂ ಗ್ರೀಸ್ ದೇಶದ ಮ್ಯಾರಥಾನಿಗೂ ಕಿವಿಗೆ ತೋರುವ ಹೋಲಿಕೆಯ ಹೊರತು ಬೇರಾವ ನಂಟೂ ಇಲ್ಲವೆಂಬುದನ್ನು ವಿನೋದಕ್ಕಾಗಿ ಹೇಳಬಹುದು. ಇನ್ನೊಂದು ವಿನೋದವೂ ಉಂಟು. ೨೦೦೮ರ ಮೇ ತಿಂಗಳವರೆಗೆ ವಿದೇಶಕ್ಕೆ ಹೋಗುವ ವಿಮಾನಗಳು ಈ ಊರಿನ ಪಕ್ಕದಿಂದಲೇ ಹಾರುತ್ತಿದ್ದವು. ನಿಲ್ದಾಣವು ದೇವನಹಳ್ಳಿಗೆ ಹೋದ ಮೇಲೆ ಇಲ್ಲಿಯ ಓಟಗಾರನು ವಿಮಾನವೇರಲು ಕ್ರಮಿಸಬೇಕಾದ ದಾರಿಯೇ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಷ್ಟಾಯಿತು.

ಓಡುವುದಕ್ಕೆ ಸಮುದ್ರವನ್ನೇಕೆ ದಾಟಬೇಕು? ಹಿರಿಯರು ಕೇಳುವ ಈ ಪ್ರಶ್ನೆ ಅಸಂಗತವಾದುದೇನೂ ಅಲ್ಲ. ನೆಲ ಎಲ್ಲಿಯೂ ನೆಲವೇ, ಕಾಲಿಗೆ ದೇಶಭೇದವಿಲ್ಲ. ಆದರೆ ಈ ಪ್ರಯಾಣವನ್ನು ಇಂದಿನವರ ಹೊಸ ಷೋಕಿಯೆಂದು ತಳ್ಳಿಹಾಕುವುದಕ್ಕೆ ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ಕನ್ನಡನಾಡಿನಿಂದ ಮ್ಯಾರಥಾನ್ ಓಡಲು ವಿದೇಶಕ್ಕೆ ಹೋದ ಓಟಗಾರನೊಬ್ಬನು ಯೂರೋಪಿನ ರಸ್ತೆಯ ಮೇಲೆ ಓಡಿ ನೂರು ವರ್ಷಗಳು ಸಂದಿವೆ. ಅವನು ಹೋದದ್ದು ವಿಮಾನದಲ್ಲಿಯೂ ಅಲ್ಲ, ಸ್ವಂತ ಹಣದಿಂದಲೂ ಅಲ್ಲ.

೧೯೧೯ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾ ಸಂಸ್ಥೆಯ ಅಧ್ಯಕ್ಷತೆ ಸರ್ ದೋರಾಬ್ಜಿ ಟಾಟಾ ಅವರಿಗೆ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಕನಸು ಕಂಡ ಜಮ್ಷೆಡ್ಜಿ ಟಾಟಾ ಅವರ ಹಿರಿಯ ಮಗ ಇವರು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಹೊರ್ಮುಸ್ಜಿ ಭಾಭಾ ಅವರ ಅಳಿಯನೂ ಹೌದೆಂಬುದು ಉಪಾಧ್ಯಾಯ ವರ್ಗಕ್ಕೆ ರುಚಿಸಬಹುದಾದ ವಿವರ. ಜಿಮಖಾನಾದ ಕ್ರೀಡಾಕೂಟದಲ್ಲಿ ಅವರು ಕಂಡದ್ದು ಹೊಲದಲ್ಲಿ ದುಡಿದು, ಬಡವರ ಊಟ ಉಂಡು, ಬರಿಗಾಲಿನಲ್ಲಿ ಓಡುತ್ತಿದ್ದ ರೈತರ ಮಕ್ಕಳನ್ನು. ಅವರಿಗೆ ಸ್ಪರ್ಧೆಯ ನಿಯಮಗಳ ಅರಿವಿರಲಿಲ್ಲ, ಕ್ರಮವಾದ ಶಿಕ್ಷಣವಿರಲಿಲ್ಲ. ಆದರೆ ದೂರದ ಓಟಗಳಲ್ಲಿ ಅವರು ತೆಗೆದುಕೊಂಡ ಕಾಲವನ್ನು ಯೂರೋಪಿನ ಓಟಗಾರರ ಕಾಲದೊಡನೆ ಹೋಲಿಸಿ ನೋಡಿದಾಗ ಅಂತರ ಬಹಳವಿರಲಿಲ್ಲ. ದೋರಾಬ್ಜಿಯವರಿಗೆ ಆಶ್ಚರ್ಯವಾಯಿತು. ಮರುವರ್ಷ ಬೆಲ್ಜಿಯಮ್ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆಯಲಿದ್ದ ಒಲಿಂಪಿಕ್ ಕೂಟಕ್ಕೆ ಮೂವರನ್ನು ತಮ್ಮ ಸ್ವಂತ ಖರ್ಚಿನಿಂದಲೇ ಕಳುಹಿಸಲು ಅವರು ಮುಂದೆ ಬಂದರು. ಸರಕಾರದ ನೆರವೂ ಇತರ ದಾನಿಗಳ ವಂತಿಗೆಯೂ ಆಮೇಲೆ ಕೂಡಿದವು.

ಹೀಗೆ ಹೊರಟ ಪುಟ್ಟ ತಂಡದಲ್ಲಿ ಇಬ್ಬರು ಇಂದಿನ ಕರ್ನಾಟಕದವರು: ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮತ್ತು ಹುಬ್ಬಳ್ಳಿಯ ಕೈಕಾಡಿ. ಆಗ ಆ ಎರಡೂ ಊರುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ೧೯೨೦ರ ಆಗಸ್ಟ್ ೨೨ರಂದು, ತಂಪಾದ ಮಳೆಯ ದಿನ, ೧೭ ದೇಶಗಳ ೪೮ ಮಂದಿ ಮ್ಯಾರಥಾನಿಗೆ ಹೊರಟುನಿಂತರು. ಅಂದಿನ ದಾರಿಯ ಉದ್ದ ೪೨ ಕಿಲೋಮೀಟರು ೭೫೦ ಮೀಟರು. ಒಲಿಂಪಿಕ್ ಮ್ಯಾರಥಾನುಗಳಲ್ಲಿ ಅದಕ್ಕಿಂತ ಉದ್ದವಾದುದು ಮತ್ತೊಂದಿಲ್ಲ. ಫಿನ್‌ಲೆಂಡಿನ ಹಾನೆಸ್ ಕೊಲೆಹ್‌ಮೈನೆನ್ ೨ ಗಂಟೆ ೩೨ ನಿಮಿಷ ೩೫.೮ ಸೆಕೆಂಡುಗಳಲ್ಲಿ ಗೆದ್ದರು. ಚೌಗುಲೆಯವರು ೨ ಗಂಟೆ ೫೦ ನಿಮಿಷ ೪೫.೪ ಸೆಕೆಂಡುಗಳಲ್ಲಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ಅವರೊಡನೆ ಓಡಿದ ಸಾತಾರೆಯ ಸದಾಶಿವ ದಾತಾರರಿಗೆ ಓಟ ಪೂರೈಸಲಾಗಲಿಲ್ಲ.

ಹತ್ತೊಂಬತ್ತನೆಯ ಸ್ಥಾನವೆಂದರೆ ಪದಕವಿಲ್ಲದ ಸ್ಥಾನ. ಆದಕಾರಣ ಅದು ಜನರ ನೆನಪಿನಲ್ಲಿ ಉಳಿಯಲಿಲ್ಲ. ಆದರೆ ಲೆಕ್ಕ ಹಾಕಿ ನೋಡಬೇಕು. ಒಂದೊಂದು ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕೂ ತುಸು ಕಡಿಮೆ ಕಾಲದಂತೆ ನಲವತ್ತೆರಡು ಮುಕ್ಕಾಲು ಕಿಲೋಮೀಟರು. ಇಂದಿನ ಪ್ರಮಾಣದ ದೂರಕ್ಕೆ ಇಳಿಸಿದರೆ ಅದು ಸುಮಾರು ೨ ಗಂಟೆ ೪೮ ನಿಮಿಷ ೩೦ ಸೆಕೆಂಡು. ಅಮೆರಿಕದ ಬಾಸ್ಟನ್ ಓಟಕ್ಕೆ ಅರ್ಹತಾಕಾಲದ ಆಧಾರದ ಮೇಲೆ ಅರ್ಜಿ ಹಾಕಬಯಸುವ ೩೫ ವರ್ಷದೊಳಗಿನ ಪುರುಷರಿಗೆ ೨೦೨೬ರ ಓಟಕ್ಕೆಂದು ವಿಧಿಸಿದ ಮಿತಿ ೨ ಗಂಟೆ ೫೫ ನಿಮಿಷ. ಹೊಸಬಗೆಯ ಬೂಟುಗಳೂ ಆಹಾರಶಾಸ್ತ್ರವೂ ಇಲ್ಲದ ಕಾಲದ ಬೆಳಗಾವಿಯ ಓಟಗಾರನಿಗೆ ಇಂದಿನ ಬಾಸ್ಟನ್ನಿಗೂ ಅರ್ಹತೆ ಇರುತ್ತಿತ್ತು. ಇಂದು ವಿದೇಶಕ್ಕೆ ಹೋಗಿ ಓಡುವವರಲ್ಲಿ ಬಹುಪಾಲು ಜನರಿಗೆ ಆ ಮಿತಿ ಎಟುಕದು.

ಮ್ಯಾರಥಾನಿನ ದೂರವನ್ನು ಕುರಿತು ಇಲ್ಲಿ ಒಂದೆರಡು ಮಾತು ಅವಶ್ಯಕ. ೧೮೯೬ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಈ ಓಟ ನಡೆದಾಗ ದೂರ ಸುಮಾರು ೪೦ ಕಿಲೋಮೀಟರು. ೧೯೦೮ರ ಲಂಡನ್ ಕೂಟದಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಪೀಠದ ಎದುರಿಗೆ ಮುಗಿಯುವಂತೆ ದಾರಿಯನ್ನು ಹಾಕಿದುದರಿಂದ ಅದು ೪೨ ಕಿಲೋಮೀಟರು ೧೯೫ ಮೀಟರಾಯಿತು. ೧೯೨೧ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು ಅದನ್ನೇ ಶಾಶ್ವತಗೊಳಿಸಿತು. ಅರಸುಮನೆತನದ ಅನುಕೂಲಕ್ಕಾಗಿ ಆದ ಅಳತೆಯನ್ನು ಇಂದು ಲೋಕದ ಜನಸಾಮಾನ್ಯರೆಲ್ಲ ಓಡುತ್ತಿದ್ದಾರೆ.

ಜನಸಾಮಾನ್ಯರು ಓಡಲಾರಂಭಿಸಿದ್ದು ಮಾತ್ರ ಬಹಳ ಹಿಂದಿನದಲ್ಲ. ಬಾಸ್ಟನ್ನಿನ ಓಟ ೧೮೯೭ರಿಂದ ನಡೆದುಬಂದಿದ್ದರೂ ಅದು ದೀರ್ಘಕಾಲ ಕೆಲವರ ಓಟವಾಗಿಯೇ ಇತ್ತು. ೧೯೭೦ರಲ್ಲಿ ನ್ಯೂಯಾರ್ಕಿನ ಮೊದಲ ಮ್ಯಾರಥಾನ್ ಒಂದು ಉದ್ಯಾನವನದೊಳಗೆ ನಡೆದಾಗ ಹೊರಟವರು ೧೨೭ ಮಂದಿ, ಮುಟ್ಟಿದವರು ೫೫ ಮಂದಿ. ಪ್ರವೇಶಶುಲ್ಕ ಒಂದು ಡಾಲರು. ೨೦೨೪ರಲ್ಲಿ ಅದೇ ಓಟವನ್ನು ಪೂರೈಸಿದವರು ೫೫,೦೦೦ಕ್ಕೂ ಮಿಕ್ಕಿದ ಜನ. ಬರ್ಲಿನ್ ೧೯೭೪ರಲ್ಲಿ, ಶಿಕಾಗೋ ೧೯೭೭ರಲ್ಲಿ, ಲಂಡನ್ ೧೯೮೧ರಲ್ಲಿ, ಟೋಕಿಯೋ ೨೦೦೭ರಲ್ಲಿ ಸೇರಿಕೊಂಡವು. ಈ ಆರು ನಗರಗಳ ಓಟಗಳನ್ನು ಪೂರೈಸಿದವರಿಗೆ ವಿಶೇಷ ಪದಕವೊಂದನ್ನು ೨೦೧೬ರಿಂದ ಕೊಡಲಾಗುತ್ತಿದೆ. ೨೦೨೫ರಲ್ಲಿ ಸಿಡ್ನಿ ಏಳನೆಯದಾಗಿ ಕೂಡಿತು. ಕಾಶಿ ರಾಮೇಶ್ವರಗಳ ಯಾತ್ರೆ ಮುಗಿಸಿದವರಂತೆ ಈ ಪದಕವನ್ನು ಗಳಿಸಿದವರು ಬೆಂಗಳೂರಿನಲ್ಲಿಯೂ ಇದ್ದಾರೆ.

ಹಣವಿದ್ದ ಮಾತ್ರಕ್ಕೆ ಈ ಓಟಗಳಲ್ಲಿ ಸ್ಥಳ ದೊರೆಯುವುದಿಲ್ಲ. ೨೦೨೫ರ ಲಂಡನ್ ಓಟದ ಸಾರ್ವಜನಿಕ ಚೀಟಿಗೆ ಬಂದ ಅರ್ಜಿಗಳು ೮,೪೦,೦೦೦ಕ್ಕೂ ಹೆಚ್ಚು. ಓಡಿದವರು ಐವತ್ತಾರು ಸಾವಿರದ ಆಸುಪಾಸು. ಬಾಸ್ಟನ್ನಿನಲ್ಲಿ ೧೯೭೦ರಿಂದಲೂ ಅರ್ಹತಾಕಾಲದ ನಿಯಮವಿದೆ. ಚೀಟಿಯೂ ಒಲಿಯದೆ ಕಾಲವೂ ಎಟುಕದೆ ಇದ್ದವರಿಗೆ ಪ್ರವಾಸ ಸಂಸ್ಥೆಗಳ ಮೂಲಕ ಹೆಚ್ಚು ಹಣ ತೆತ್ತು ಹೋಗುವ ದಾರಿ ಉಂಟು. ಇವೆಲ್ಲಕ್ಕಿಂತ ಗಮನಿಸತಕ್ಕದ್ದು ನಾಲ್ಕನೆಯ ದಾರಿ. ಆಸ್ಪತ್ರೆ, ಅನಾಥಾಲಯ, ರೋಗಸಂಶೋಧನೆ ಮೊದಲಾದ ಧರ್ಮಕಾರ್ಯಗಳನ್ನು ನಡೆಸುವ ಸಂಸ್ಥೆಗಳಿಗೆ ಓಟದ ವ್ಯವಸ್ಥಾಪಕರು ಕೆಲವು ಸ್ಥಳಗಳನ್ನು ಮೀಸಲಿಡುತ್ತಾರೆ. ಓಟಗಾರನು ತನ್ನ ಬಂಧುಮಿತ್ರರಿಂದ ಗೊತ್ತಾದ ಮೊತ್ತವನ್ನು ಸಂಗ್ರಹಿಸಿ ಆ ಸಂಸ್ಥೆಗೆ ಒಪ್ಪಿಸಿದರೆ ಅವನಿಗೆ ಅಂಥ ಒಂದು ಸ್ಥಳ ಸಿಗುತ್ತದೆ. ಲಂಡನ್ ಓಟವೊಂದರಿಂದಲೇ ೧೯೮೧ರಿಂದೀಚೆಗೆ ನೂರು ಕೋಟಿ ಪೌಂಡಿಗೂ ಮಿಕ್ಕ ಹಣ ಹೀಗೆ ಕೂಡಿದೆ. ೧೯೨೦ರಲ್ಲಿ ದಾನಿಗಳು ಹಣ ಕೊಟ್ಟದ್ದರಿಂದ ಓಟಗಾರನು ಓಡಿದನು. ಇಂದು ಓಟಗಾರನು ಓಡುವುದರಿಂದ ದಾನಿಗಳು ಹಣ ಕೊಡುತ್ತಾರೆ. ಟಾಟಾ ಮನೆತನದ ಹೆಸರು ಮಾತ್ರ ಎರಡೂ ಕಡೆ ಇದೆ: ಆ ಸಮೂಹದ ಕಂಪ್ಯೂಟರ್ ಸಂಸ್ಥೆಯ ಹೆಸರನ್ನು ನ್ಯೂಯಾರ್ಕಿನ ಓಟವು ೨೦೧೪ರಿಂದಲೂ ಲಂಡನ್ನಿನದು ೨೦೨೨ರಿಂದಲೂ ತಮ್ಮ ಹೆಸರಿನ ಮುಂದೆ ಧರಿಸಿವೆ.

ಮಹಾನಗರಗಳ ಈ ಓಟಗಳಿಗಿಂತ ಭಿನ್ನವಾದ ಇನ್ನೊಂದು ಓಟ ಭಾರತೀಯರನ್ನು ಬಹುವಾಗಿ ಸೆಳೆದಿದೆ. ಅದು ದಕ್ಷಿಣ ಆಫ್ರಿಕದ ಕಾಮ್ರೇಡ್ಸ್. ಮೊದಲ ಮಹಾಯುದ್ಧದಲ್ಲಿ ಮಡಿದ ಸಂಗಾತಿಗಳ ನೆನಪಿಗಾಗಿ ವಿಕ್ ಕ್ಲಾಫಮ್ ಎಂಬ ಮಾಜಿ ಯೋಧರು ೧೯೨೧ರಲ್ಲಿ ಇದನ್ನು ಆರಂಭಿಸಿದರು. ಅಂದು ಹೊರಟವರು ೩೪, ಮುಟ್ಟಿದವರು ೧೬. ಪೀಟರ್‌ಮಾರಿಟ್ಸ್‌ಬರ್ಗಿಗೂ ಕಡಲತೀರದ ಡರ್ಬನ್ನಿಗೂ ನಡುವೆ, ಏರಿಳಿತದ ದಾರಿಯಲ್ಲಿ, ೯೦ ಕಿಲೋಮೀಟರಿಗೆ ಹತ್ತಿರದ ದೂರ. ಸಾಮಾನ್ಯವಾಗಿ ಒಂದು ವರ್ಷ ಕಡಲಿನಿಂದ ಮೇಲಕ್ಕೆ, ಮತ್ತೊಂದು ವರ್ಷ ಮೇಲಿನಿಂದ ಕಡಲಿಗೆ. ಕೊಟ್ಟ ಅವಧಿ ಹನ್ನೆರಡು ಗಂಟೆ. ಅದು ಮುಗಿಯುವ ಕ್ಷಣಕ್ಕೆ ಅಧಿಕಾರಿಯೊಬ್ಬರು ಬರುತ್ತಿರುವ ಓಟಗಾರರಿಗೆ ಬೆನ್ನು ತಿರುಗಿಸಿ ನಿಂತು ಗುಂಡು ಹಾರಿಸುತ್ತಾರೆ. ಗುರಿಯ ಬಾಗಿಲು ಮುಚ್ಚುತ್ತದೆ. ಹತ್ತು ಹೆಜ್ಜೆ ದೂರದಲ್ಲಿದ್ದವನಿಗೂ ಪದಕವಿಲ್ಲ. ಮುಖ ನೋಡಿದರೆ ಕರುಣೆ ಹುಟ್ಟೀತೆಂದು ಬೆನ್ನು ತಿರುಗಿಸುವ ಪದ್ಧತಿ! ಕಟುವೆನಿಸಬಹುದು. ಆದರೆ ಕರಿಯರಿಗೂ ಸ್ತ್ರೀಯರಿಗೂ ಈ ಓಟದಲ್ಲಿ ಅಧಿಕೃತವಾಗಿ ಪ್ರವೇಶ ದೊರೆತದ್ದು ೧೯೭೫ರಲ್ಲಿ ಎಂಬುದನ್ನು ನೆನೆದರೆ, ಎಲ್ಲರಿಗೂ ಒಂದೇ ಎನ್ನುವ ಆ ಗಡಿಯಾರದ ನ್ಯಾಯವೂ ಸುಲಭವಾಗಿ ಬಂದದ್ದಲ್ಲವೆಂದು ತಿಳಿಯುತ್ತದೆ. ೧೮೯೩ರ ಜೂನ್ ೭ರ ರಾತ್ರಿ ಮೊದಲ ದರ್ಜೆಯ ಟಿಕೀಟು ಕೈಯಲ್ಲಿದ್ದ ಗಾಂಧೀಜಿಯವರನ್ನು ರೈಲಿನಿಂದ ಹೊರಹಾಕಿದ್ದು ಇದೇ ಪೀಟರ್‌ಮಾರಿಟ್ಸ್‌ಬರ್ಗಿನ ನಿಲ್ದಾಣದಲ್ಲಿ. ಇತ್ತೀಚಿನ ವರ್ಷಗಳಲ್ಲಿ ಭಾರತದಿಂದ ನೂರಾರು ಮಂದಿ ಈ ಓಟಕ್ಕೆ ಹೋಗಿದ್ದಾರೆ. ಏರುದಾರಿಯ ಅಭ್ಯಾಸಕ್ಕೆ ಬೆಂಗಳೂರಿನವರಿಗೆ ನಂದಿಬೆಟ್ಟ ಒದಗಿಬಂದಿದೆ.

ಹೋಗುವವರು ದೇಹದ ವಿಷಯವಾಗಿ ತಿಳಿದಿರಬೇಕಾದುದು ಕೆಲವುಂಟು. ಮಾಂಸಖಂಡಗಳಲ್ಲಿಯೂ ಯಕೃತ್ತಿನಲ್ಲಿಯೂ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಪಿಷ್ಟವು ಕೊಡಬಲ್ಲ ಶಕ್ತಿ ಸುಮಾರು ೨,೦೦೦ ಕಿಲೋ ಕ್ಯಾಲೊರಿ. ೬೦ ಕಿಲೋಗ್ರಾಮ್ ತೂಕದವರಿಗೆ ಮ್ಯಾರಥಾನ್ ಪೂರೈಸಲು ಬೇಕಾದುದು ೨,೫೦೦ಕ್ಕೆ ಸಮೀಪ. ಆದ್ದರಿಂದ ೩೦ ಕಿಲೋಮೀಟರು ದಾಟಿದ ಮೇಲೆ ಅನೇಕರ ಕಾಲುಗಳು ಎತ್ತಿನಗಾಡಿಯ ಚಕ್ರ ಕೆಸರಿನಲ್ಲಿ ಹೂತಂತೆ ನಿಂತುಬಿಡುತ್ತವೆ. ಓಟಕ್ಕೆ ಮುಂಚಿನ ಎರಡು ಮೂರು ದಿನ ಅನ್ನ, ಅವಲಕ್ಕಿ, ಬಾಳೆಹಣ್ಣುಗಳಂಥ ಪಿಷ್ಟಪದಾರ್ಥಗಳನ್ನು ಹೆಚ್ಚಿಸುವುದೂ, ಓಡುವಾಗ ಗಂಟೆಗೆ ೩೦ರಿಂದ ೬೦ ಗ್ರಾಮ್ ಸಕ್ಕರೆಯ ಅಂಶವನ್ನು ಸೇವಿಸುವುದೂ ಇದಕ್ಕೆ ಪರಿಹಾರ. ಸಸ್ಯಾಹಾರದಿಂದ ಇದಕ್ಕೆ ಯಾವ ಕೊರತೆಯೂ ಬಾರದು. ಪರದೇಶದ ಅಪರಿಚಿತ ಊಟವನ್ನು ಓಟದ ಹಿಂದಿನ ರಾತ್ರಿ ಪರೀಕ್ಷಿಸಲು ಹೋಗುವುದೇ ಅಪಾಯ. ಚೀಲದಲ್ಲಿ ಅವಲಕ್ಕಿ ಕಟ್ಟಿಕೊಂಡು ಹೋಗುವವನನ್ನು ನೋಡಿ ನಗಬೇಕಾದುದಿಲ್ಲ.

ನೀರಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಸೆಕೆಯ ನಾಡಿನವರು ಎಷ್ಟು ಕುಡಿದರೂ ಒಳ್ಳೆಯದೆಂದು ಭಾವಿಸುತ್ತಾರೆ. ೨೦೦೨ರ ಬಾಸ್ಟನ್ ಓಟದ ಕೊನೆಯಲ್ಲಿ ೪೮೮ ಮಂದಿಯ ರಕ್ತವನ್ನು ವೈದ್ಯರು ಪರೀಕ್ಷಿಸಿದಾಗ ನೂರಕ್ಕೆ ಹದಿಮೂರು ಮಂದಿಯಲ್ಲಿ ಸೋಡಿಯಂ ಅಂಶ ತಗ್ಗಿತ್ತು; ಮೂವರಲ್ಲಿ ಅದು ಪ್ರಾಣಾಪಾಯದ ಮಟ್ಟದಲ್ಲಿತ್ತು. ಓಡುವಾಗ ಮಿತಿಮೀರಿ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲಿಯೇ ಈ ತೊಂದರೆ ಮುಖ್ಯವಾಗಿ ಕಂಡುಬಂದಿತು. ತಂಪುದೇಶದಲ್ಲಿ ನಿಧಾನವಾಗಿ ಓಡುವವನು ಬಾಯಾರಿದಾಗ ಕುಡಿದರೆ ಸಾಕು. ಬೆಂಗಳೂರು ಎತ್ತರದ ಊರಾದುದರಿಂದ ಇಲ್ಲಿಯವರಿಗೆ ಸಮುದ್ರಮಟ್ಟದಲ್ಲಿ ಓಡುವಾಗ ವಿಶೇಷ ಲಾಭವಿದೆ ಎಂಬ ಮಾತೂ ಬಳಕೆಯಲ್ಲಿದೆ. ಇಲ್ಲಿಯ ಎತ್ತರ ಸುಮಾರು ೯೦೦ ಮೀಟರು. ಓಟಗಾರರ ತವರೆನಿಸಿದ ಕೆನ್ಯದ ಇಟೆನ್ ಊರಿನದು ಸುಮಾರು ೨,೪೦೦ ಮೀಟರು. ಲಾಭವೇನಿದ್ದರೂ ಅಲ್ಪ. ಕಾಲವ್ಯತ್ಯಾಸದಿಂದಾಗುವ ನಷ್ಟವೇ ಅದಕ್ಕಿಂತ ದೊಡ್ಡದು. ನ್ಯೂಯಾರ್ಕಿನ ಓಟ ನಡೆಯುವುದು ನವೆಂಬರಿನ ಮೊದಲ ಭಾನುವಾರ. ಅಂದೇ ಅಲ್ಲಿಯ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ನಮಗೂ ಅವರಿಗೂ ಅಂತರ ಹತ್ತೂವರೆ ಗಂಟೆ. ಇಲ್ಲಿ ಮಲಗುವ ವೇಳೆಗೆ ಅಲ್ಲಿ ಓಡಬೇಕು. ಓಟದ ಹಿಂದಿನ ದಿನ ವಿಮಾನದಿಂದ ಇಳಿದು ಮರುದಿನ ಓಡುವವರು ಹಣ ತೆತ್ತು ತೊಂದರೆಯನ್ನು ಕೊಳ್ಳುತ್ತಾರೆಂದೇ ಹೇಳಬೇಕು.

ಉದ್ಯೋಗದಲ್ಲಿದ್ದುಕೊಂಡು ಓಡುವವರಿಗೆ ಮೇಲ್ಪಂಕ್ತಿಯಾಗಿ ಜಪಾನಿನ ಯೂಕಿ ಕಾವಾಉಚಿ ಅವರನ್ನು ಹೆಸರಿಸಬಹುದು. ಅವರು ೨೦೧೯ರವರೆಗೆ ಸೈತಾಮಾ ಪ್ರಾಂತದ ಸರಕಾರಿ ಪ್ರೌಢಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಆಗ ಪೋಷಕ ಸಂಸ್ಥೆಯಿರಲಿಲ್ಲ, ಪೂರ್ಣಾವಧಿಯ ತರಬೇತಿಯಿರಲಿಲ್ಲ. ಕಚೇರಿಯ ವೇಳೆಯ ಹೊರಗೆ ಅಭ್ಯಾಸ. ೨೦೧೮ರ ಏಪ್ರಿಲ್ ೧೬ರಂದು ಬಾಸ್ಟನ್ನಿನಲ್ಲಿ ಮೈ ಮರಗಟ್ಟಿಸುವ ಚಳಿ, ಸುರಿಯುವ ಮಳೆ, ಎದುರುಗಾಳಿ. ಹೆಸರಾಂತ ಓಟಗಾರರು ಒಬ್ಬೊಬ್ಬರಾಗಿ ಹಿಂದುಳಿದರು. ಶಾಲೆಯ ಗುಮಾಸ್ತರು ೨ ಗಂಟೆ ೧೫ ನಿಮಿಷ ೫೮ ಸೆಕೆಂಡುಗಳಲ್ಲಿ ಓಟವನ್ನು ಗೆದ್ದರು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಭಾರತದ ಶಿವನಾಥ್ ಸಿಂಗರು ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹನ್ನೊಂದನೆಯವರಾಗಿ, ೧೯೭೮ರಲ್ಲಿ ಜಾಲಂಧರದಲ್ಲಿ ೨ ಗಂಟೆ ೧೨ ನಿಮಿಷಗಳ ರಾಷ್ಟ್ರೀಯ ದಾಖಲೆಯನ್ನು ಸ್ಥಾಪಿಸಿದರು. ಆ ದಾಖಲೆ ನಾಲ್ಕು ದಶಕಗಳಿಗೂ ಮಿಕ್ಕಿ ಮುರಿಯದೆ ಉಳಿಯಿತು. ಅದೇ ನಾಲ್ಕು ದಶಕಗಳಲ್ಲಿ ಮ್ಯಾರಥಾನ್ ಓಡುವ ಭಾರತೀಯರ ಸಂಖ್ಯೆ ಎಷ್ಟೋ ಪಟ್ಟು ಬೆಳೆಯಿತು. ಅಂದರೆ ಓಡುವವರು ಹೆಚ್ಚಿದರು, ವೇಗ ಹೆಚ್ಚಲಿಲ್ಲ. ೨೦೨೩ರ ಹಾಂಗ್‌ಝೌ ಏಷ್ಯನ್ ಕೂಟದ ಮ್ಯಾರಥಾನಿನಲ್ಲಿ ಕೊಡಗಿನ ಎ. ಬಿ. ಬೆಳ್ಳಿಯಪ್ಪ ಅವರು ಹನ್ನೆರಡನೆಯವರಾದುದು ಈ ನಾಡಿಗೆ ಸಂತೋಷದ ಸಂಗತಿ. ಆದರೆ ಅಂಥ ಹೆಸರುಗಳು ವಿರಳ. ವಿದೇಶದ ಓಟಕ್ಕೆ ಹೋಗಬಲ್ಲ ಶಕ್ತಿ ನಗರದ ಸಂಬಳದಾರರಿಗೆ ಬಂದಿದೆ. ಓಟದಲ್ಲಿ ಮುಂದೆ ಬರಬಲ್ಲ ಶಕ್ತಿ ಅವರಲ್ಲಿಯೇ ಇದೆ ಎನ್ನಲು ಆಧಾರವಿಲ್ಲ. ಆ ಶಕ್ತಿ ಇಂದಿಗೂ ಬೆಳಗಾವಿ, ಕೊಡಗು, ಕೋಲಾರಗಳ ಹಳ್ಳಿಯ ಶಾಲೆಗಳಿಗೆ ನಡೆದುಹೋಗುವ ಯಾವನೋ ಹುಡುಗನಲ್ಲಿ, ಯಾವಳೋ ಹುಡುಗಿಯಲ್ಲಿ ಇರುವ ಸಂಭವವೇ ಹೆಚ್ಚು. ಲಕ್ಷಗಟ್ಟಲೆ ಹಣ ಕೊಟ್ಟು ತಮ್ಮ ಸಂತೋಷಕ್ಕಾಗಿ ಓಡಿ ಬರುವವರನ್ನು ದೂಷಿಸಬೇಕಾದ್ದಿಲ್ಲ; ಅವರ ಹಣ, ಅವರ ಬೆವರು. ಆದರೆ ಧರ್ಮಕಾರ್ಯಕ್ಕಾಗಿ ಓಡುವ ಪದ್ಧತಿ ಲಂಡನ್ನಿನ ಆಸ್ಪತ್ರೆಗೆ ಒದಗುವಂತೆ ಇಲ್ಲಿಯ ಗ್ರಾಮೀಣ ಓಟಗಾರನ ಬೂಟಿಗೂ ಊಟಕ್ಕೂ ಒದಗಬಾರದೇಕೆ?

ಇಲ್ಲಿ ಶಾಲೆಗಳು ವಹಿಸಬೇಕಾದ ಎಚ್ಚರವೂ ಉಂಟು. ೨೦೦೬ರಲ್ಲಿ ಒಡಿಶಾದ ನಾಲ್ಕು ವರ್ಷದ ಬಾಲಕನೊಬ್ಬನನ್ನು ಪುರಿಯಿಂದ ಭುವನೇಶ್ವರದವರೆಗೆ ೬೫ ಕಿಲೋಮೀಟರು ಓಡಿಸಲಾಯಿತು. ದೇಶವೆಲ್ಲ ಚಪ್ಪಾಳೆ ತಟ್ಟಿತು, ವೈದ್ಯರು ಗಾಬರಿಗೊಂಡರು, ಸರಕಾರ ಅಂಥ ಓಟಗಳನ್ನು ತಡೆಯಿತು. ಬಾಸ್ಟನ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ೧೮ ವರ್ಷ ತುಂಬದವರಿಗೆ ಪ್ರವೇಶವೇ ಇಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗೆ ೮೦೦, ೧೫೦೦, ೩೦೦೦ ಮೀಟರುಗಳ ಓಟ ಮತ್ತು ಗುಡ್ಡಗಾಡು ಓಟ ಸಾಕು; ಮ್ಯಾರಥಾನಿಗೆ ಬೇಕಾದ ಎಲುಬು ಸ್ನಾಯುಗಳು ಗಟ್ಟಿಯಾಗಲು ಕಾಲ ಬೇಕು.

ಇದಕ್ಕೆ ದೊಡ್ಡ ಕ್ರೀಡಾಂಗಣವೇ ಬೇಕೆಂದಿಲ್ಲ. ಸುಣ್ಣದ ಗೆರೆ ಎಳೆದು ಸರಿಯಾಗಿ ಅಳೆದ ೨೦೦ ಮೀಟರಿನ ಸುತ್ತು, ಒಂದು ಸ್ಟಾಪ್‌ವಾಚ್, ಒಂದು ನೋಟುಪುಸ್ತಕ ಇದ್ದರಾಯಿತು. ಎಷ್ಟೋ ಶಾಲೆಗಳ ಕ್ರೀಡಾದಿನದ ಬಹುಮಾನಪಟ್ಟಿಗಳಲ್ಲಿ ಪ್ರಥಮ, ದ್ವಿತೀಯ, ತೃತೀಯ ಎಂದು ಹೆಸರುಗಳಿರುತ್ತವೆ, ಕಾಲವಿರುವುದಿಲ್ಲ. ಒಂದು ಊರಿನಲ್ಲಿ ಪ್ರಥಮನಾದವನು ಮತ್ತೊಂದು ಊರಿನ ತೃತೀಯನಿಗಿಂತ ನಿಧಾನವಾಗಿರಬಹುದು. ಅದನ್ನು ತಿಳಿಯುವ ಬಗೆ ಆ ಪಟ್ಟಿಯಲ್ಲಿಲ್ಲ. ೧೯೧೯ರಲ್ಲಿ ಪುಣೆಯ ಆ ಬರಿಗಾಲಿನ ಹುಡುಗರ ಓಟವನ್ನು ಯಾರೋ ಗಡಿಯಾರ ಹಿಡಿದು ಅಳೆದಿದ್ದರು. ದೋರಾಬ್ಜಿಯವರು ಯೂರೋಪಿನ ಓಟಗಾರರೊಡನೆ ಹೋಲಿಸಿ ನೋಡಿದ್ದು ಆ ಅಂಕೆಗಳನ್ನೇ.